ಚಿನ್ನದ ಗಣಿ ಬರುವ ಮುನ್ನ: ಆಲಿಕೆ ಸಭೆಯಲ್ಲಿ ಕೇಳಬೇಕಾದ ಅಂಕಿಗಳು

ಸಾರ್ವಜನಿಕ ಆಲಿಕೆಗೆ ಮಾಲಿನ್ಯ ನಿಯಂತ್ರಣ ಮಂಡಳಿ ಕನಿಷ್ಠ 30 ದಿನ ಮುಂಚೆ ಪ್ರಕಟಣೆ ಕೊಡಬೇಕು. ಆ ದಿನಗಳಲ್ಲಿ ಗಣಿಯಿಂದ ಪರಿಸರಕ್ಕಾಗುವ ಪರಿಣಾಮದ ಕರಡು ವರದಿ ಜಿಲ್ಲಾಧಿಕಾರಿ ಕಚೇರಿ, ಜಿಲ್ಲಾ ಪಂಚಾಯ್ತಿಯಲ್ಲಿ ನೋಡಲು ಸಿಗುತ್ತದೆ. ಕನ್ನಡದ ಸಾರಾಂಶಕ್ಕೇ ನಿಲ್ಲಬೇಡಿ. ಇಂಗ್ಲಿಷ್ ಬಲ್ಲವರನ್ನು ಕೂರಿಸಿಕೊಂಡು ಮೂಲ ವರದಿಯ ಕೆಸರು ಕಟ್ಟೆಯ ಭಾಗ ತೆಗೆಯಿರಿ. 'ಸೂಕ್ತ ಕ್ರಮ ಕೈಗೊಳ್ಳಲಾಗುವುದು' ಎಂದಿರುವ ಕಡೆಯಲ್ಲೆಲ್ಲ ಪೆನ್ಸಿಲ್ ಗುರುತು ಹಾಕಿ, ಅಂಕಿ ಕೇಳಿ.

ಅದಿರಿನ ಪುಡಿಯಿಂದ ಸೈನೈಡ್ ಬಳಸಿ ಚಿನ್ನ ತೆಗೆದ ಮೇಲೆ ಉಳಿಯುವ ಕೆಸರು ಈ ಕಟ್ಟೆ ಸೇರುತ್ತದೆ. ಕೆರೆ ಕೋಡಿ ಬಿದ್ದರೆ ಊರಿಗೆ ಹಬ್ಬ, ಇದು ಕೋಡಿ ಬಿದ್ದರೆ ಹಳ್ಳದ ಮೀನೆಲ್ಲ ಸಾಯುತ್ತವೆ. 2000ದ ಜನವರಿ 30ರಂದು ರೊಮೇನಿಯಾದ ಬಾಯಾ ಮಾರೆಯಲ್ಲಿ ಮಳೆನೀರು, ಕರಗಿದ ಹಿಮ ಸೇರಿ ಒಡ್ಡು ಒಡೆದು, ಸುಮಾರು 1 ಲಕ್ಷ ಘನ ಮೀಟರ್ ವಿಷನೀರು ನದಿ ಸೇರಿತು.

ಲೆಕ್ಕ ನೀವೇ ಹಾಕಬಹುದು. ಕಟ್ಟೆ 20 ಹೆಕ್ಟೇರ್, ಅದಕ್ಕೆ ಹರಿದು ಬರುವ ಇಳಿಜಾರು 80 ಹೆಕ್ಟೇರ್ ಎಂದುಕೊಳ್ಳಿ. 200 ಮಿ.ಮೀ. ಮಳೆ ಪೂರ್ತಿ ಹರಿದು ಬಂದರೆ 2 ಲಕ್ಷ ಘನ ಮೀಟರ್, ಅಂದರೆ ನೀರು 1 ಮೀಟರ್ ಏರುತ್ತದೆ. ಏರಿಯ ತುದಿಯವರೆಗೆ ಖಾಲಿ ಬಿಡುವ ಎತ್ತರ ಅದಕ್ಕಿಂತ ಕಡಿಮೆಯಿದ್ದರೆ ಒಪ್ಪಬೇಡಿ. ಇಳಿಜಾರಿನ ನೀರನ್ನು ಬದಿಗೆ ತಿರುಗಿಸುವ ಸುತ್ತುಗಾಲುವೆ ನಕ್ಷೆಯಲ್ಲಿ ಇದೆಯೇ ನೋಡಿ.

ಕೆಸರಿನ ಸೈನೈಡನ್ನು ಕಟ್ಟೆಗೆ ಬಿಡುವ ಮುನ್ನವೇ ರಾಸಾಯನಿಕವಾಗಿ ಒಡೆಯಬೇಕು. ಹಕ್ಕಿ, ದನ ಇಳಿಯಬಹುದಾದ ಕಟ್ಟೆಯಲ್ಲಿ ವ್ಯಾಡ್ ಸೈನೈಡ್ (ದುರ್ಬಲ ಆಮ್ಲದಲ್ಲೂ ಬಿಡಿಯಾಗುವ ಸೈನೈಡ್) ಲೀಟರಿಗೆ 50 ಮಿ.ಗ್ರಾಂ. ಮೀರಬಾರದು ಎನ್ನುತ್ತದೆ ಅಂತರರಾಷ್ಟ್ರೀಯ ಸೈನೈಡ್ ಸಂಹಿತೆ. ನಮ್ಮ ಕುಡಿಯುವ ನೀರಿನ ಮಿತಿ 0.05 ಮಿ.ಗ್ರಾಂ. ಆದ್ದರಿಂದ ಕಟ್ಟೆಯ ತಳಕ್ಕೆ ಹಾಸುವ ಎಚ್‌ಡಿಪಿಇ ಎಂಬ ಪ್ಲಾಸ್ಟಿಕ್ ಹಾಳೆಯ ದಪ್ಪ, ಅದರಡಿಯ ಜೇಡಿಮಣ್ಣು, ಜಿನುಗು ಪತ್ತೆಗೆ ಕೆಳಮಗ್ಗುಲಿನ ಬೋರ್‌ವೆಲ್ ಎಷ್ಟು ಎಂದು ಕೇಳಲೇಬೇಕು.

ಗಣಿ ಶುರುವಾಗುವ ಮೊದಲೇ ನಿಮ್ಮ ಬಾವಿ ನೀರನ್ನು ಮುಂಗಾರಿಗೆ ಮುಂಚೆ ಒಮ್ಮೆ, ನಂತರ ಒಮ್ಮೆ ಪರೀಕ್ಷೆ ಮಾಡಿಸಿ: ಪಿಎಚ್, ಸಲ್ಫೇಟ್, ಆರ್ಸೆನಿಕ್, ಸೈನೈಡ್. ಇದಿಲ್ಲದಿದ್ದರೆ ಆಮೇಲೆ 'ಮೊದಲಿಂದಲೂ ಹೀಗೇ ಇತ್ತು' ಎನ್ನುತ್ತಾರೆ. ಸೈನೈಡ್ ಪರೀಕ್ಷೆಗೆ ನೀರು ತುಂಬಿದ ಬಾಟಲಿಗೆ ಅಲ್ಲೇ ಸೋಡಿಯಂ ಹೈಡ್ರಾಕ್ಸೈಡ್ ಹಾಕಿ ಪಿಎಚ್ 12 ದಾಟಿಸಿ, ಬೆಳಕು ತಾಗದಂತೆ ಮಂಜುಗಡ್ಡೆಯಲ್ಲಿಟ್ಟು ಒಯ್ಯಬೇಕು. ಈ ಕೆಲಸ ಪ್ರಯೋಗಾಲಯದವರೇ ಬಂದು ಮಾಡಲಿ. ತಪ್ಪಿದರೆ ಸೈನೈಡ್ ಅನಿಲವಾಗಿ ಹಾರಿಹೋಗಿ ವರದಿಯಲ್ಲಿ ಸೊನ್ನೆ ಬರಬಹುದು.

ಗಣಿ ಮುಚ್ಚಿದ ಮೇಲಿನ ಕಥೆಗೆ ಕೆಜಿಎಫ್ ನೋಡಿ. 2001ರ ಫೆಬ್ರವರಿ 28ಕ್ಕೆ ಗಣಿ ನಿಂತಿತು, ಒಣಗಿದ ಕೆಸರಿನ ಸೈನೈಡ್ ಗುಡ್ಡಗಳು ಉಳಿದವು, ಗಾಳಿ ಬೀಸಿದರೆ ಧೂಳು ಮನೆಯೊಳಗೆ. ಗುಡ್ಡಕ್ಕೆ ಮಣ್ಣು ಹೊದಿಸಿ ಹುಲ್ಲು ಬೆಳೆಸುವ ಖರ್ಚು ಎಷ್ಟು, ಆ ಹಣ ಈಗಲೇ ಠೇವಣಿಯಾಗಿ ಎಲ್ಲಿರುತ್ತದೆ ಎಂದು ಕೇಳಿ.

ಪ್ರಶ್ನೆಗಳನ್ನು ಬರೆದೇ ಕೊಟ್ಟು ಸ್ವೀಕೃತಿ ಪಡೆಯಿರಿ. ಸಭೆಯ ಕೊನೆಗೆ ನಡಾವಳಿಯನ್ನು ಓದಿ, ಕನ್ನಡದಲ್ಲಿ ವಿವರಿಸಬೇಕೆಂಬುದು ನಿಯಮ. ಅದು ಮುಗಿಯುವವರೆಗೆ ಏಳಬೇಡಿ, ನೀವು ಕೇಳಿದ್ದು ಬಿಟ್ಟುಹೋಗಿದ್ದರೆ ಅಲ್ಲೇ ಸೇರಿಸಿಸಿ.