ತೀರ್ಥಹಳ್ಳಿಯಿಂದ ನ್ಯೂರೆಂಬರ್ಗ್‌ಗೆ: ಜರ್ಮನಿಗೆ ಹೊರಟ ನರ್ಸ್‌ಗಳಿಗೆ ಒಂದಿಷ್ಟು ಮಾತು

ಏಜೆಂಟರಿಗೆ ದುಡ್ಡು ಕೊಡುವ ಮೊದಲು ಜರ್ಮನ್ ಕ್ಲಾಸಿಗೆ ದುಡ್ಡು ಹಾಕಿ. ಊರಿಂದ ಫೋನ್ ಮಾಡುವ ಎಲ್ಲರಿಗೂ ನಾನು ಮೊದಲು ಹೇಳುವುದು ಇದನ್ನೇ. ಬಿಎಸ್ಸಿ ನರ್ಸಿಂಗ್ ಎಷ್ಟೇ ಒಳ್ಳೆಯ ಅಂಕದಲ್ಲಿ ಪಾಸಾಗಿರಲಿ, ಭಾಷೆಯಲ್ಲಿ ಬಿ2 ಹಂತ (ಎ1, ಎ2, ಬಿ1 ದಾಟಿದ ಮೇಲಿನ ನಾಲ್ಕನೇ ಮೆಟ್ಟಿಲು) ಮುಟ್ಟದೆ ಇಲ್ಲಿ ನಿಮ್ಮನ್ನು ಪೂರ್ಣ ನರ್ಸ್ ಎಂದು ಒಪ್ಪುವುದಿಲ್ಲ. "ಆರು ತಿಂಗಳಲ್ಲಿ ಬಿ2, ಎಂಟನೇ ತಿಂಗಳು ವೀಸಾ" ಎಂಬ ಪೋಸ್ಟರ್ ನಂಬಬೇಡಿ. ಎ1, ಎ2 ಎರಡನ್ನೂ ಮನೆಯಲ್ಲೇ ಕೂತು ಆನ್‌ಲೈನ್‌ನಲ್ಲಿ ಮುಗಿಸಬಹುದು, ಮಳೆಗಾಲದಲ್ಲಿ ಕರೆಂಟ್ ಇದ್ದರೆ. ಬಿ1 ಶುರುವಾದ ಮೇಲೆ ಬೆಂಗಳೂರಿನಲ್ಲಿ ಪಿಜಿ ಹಿಡಿದು, ಎದುರು ಕೂತು ಮಾತಾಡುವ ಕ್ಲಾಸಿಗೆ ಸೇರುವುದು ಒಳ್ಳೆಯದು. ಗ್ಯೋಟೆ ಎಂಬ ಜರ್ಮನ್ ಭಾಷಾ ಪರೀಕ್ಷೆಯನ್ನು ಅಲ್ಲಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಬರೆಯಬಹುದು. ಓದು, ಬರಹ, ಕೇಳುವುದು, ಮಾತು ಎಂದು ನಾಲ್ಕು ಭಾಗ. ನಮ್ಮ ಹುಡುಗಿಯರು ಸಿಕ್ಕಿಹಾಕಿಕೊಳ್ಳುವುದು ಸಾಮಾನ್ಯವಾಗಿ ಕೇಳುವುದರಲ್ಲಿ. ಅಡುಗೆ ಮಾಡುವಾಗಲೂ ಜರ್ಮನ್ ರೇಡಿಯೋ ಹಾಕಿಕೊಳ್ಳಿ.

ಏಜೆಂಟರ ವಿಷಯ. ವಿದೇಶಕ್ಕೆ ಕೆಲಸಕ್ಕೆ ಕಳಿಸುವವರಿಗೆ 1983ರ ವಲಸೆ ಕಾಯ್ದೆಯಡಿ ಪರವಾನಗಿ ಬೇಕು. ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ಅವರ ಹೆಸರು ಇದೆಯೋ ಇಲ್ಲವೋ ಎರಡು ನಿಮಿಷದಲ್ಲಿ ನೋಡಬಹುದು. ಅವರು ನಿಮ್ಮಿಂದ ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ ಗರಿಷ್ಠ 30,000 ರೂಪಾಯಿ, ಮೇಲೆ ಜಿಎಸ್‌ಟಿ. ಐದು ಲಕ್ಷ ಕೇಳಿದರೆ, ಚಹಾ ಕುಡಿದು ಎದ್ದು ಬನ್ನಿ. ಜರ್ಮನಿಯ ಎಷ್ಟೋ ಆಸ್ಪತ್ರೆಗಳು ನೇಮಕಾತಿ ಖರ್ಚನ್ನು ತಾವೇ ಭರಿಸುತ್ತವೆ. ಆದರೆ ಒಪ್ಪಂದದಲ್ಲಿ "ಇಷ್ಟು ವರ್ಷದೊಳಗೆ ಕೆಲಸ ಬಿಟ್ಟರೆ ಇಷ್ಟು ಯೂರೋ ವಾಪಸ್" ಎಂಬ ಸಾಲು ಇದೆಯೇ ನೋಡಿ. ಆ ಪುಟವನ್ನು ಜರ್ಮನ್ ಬಲ್ಲ ಒಬ್ಬರಿಂದ ಓದಿಸದೆ ಸಹಿ ಮಾಡಬೇಡಿ. ಮೂಲ ಅಂಕಪಟ್ಟಿಯನ್ನಂತೂ ಯಾರ ಕೈಗೂ ಬಿಟ್ಟುಕೊಡಬಾರದು.

ಇನ್‌ಶಿಯಲ್ ಎಂಬ ತಲೆನೋವು

ನಮ್ಮಲ್ಲಿ ಅಡ್ಡಹೆಸರು ಇಲ್ಲದವರೇ ಹೆಚ್ಚು. ಊರಿನ ಹೆಸರಿನ ಮೊದಲಕ್ಷರ, ಅಪ್ಪನ ಹೆಸರಿನ ಮೊದಲಕ್ಷರ, ಆಮೇಲೆ ನಮ್ಮ ಹೆಸರು. ಎಸ್ಸೆಸ್ಸೆಲ್ಸಿ ಕಾರ್ಡಿನಲ್ಲಿ ಇನ್‌ಶಿಯಲ್ ಹಿಂದೆ, ಆಧಾರ್‌ನಲ್ಲಿ ಮುಂದೆ, ಪಾಸ್‌ಪೋರ್ಟ್‌ನಲ್ಲಿ ಕೊನೆ ಹೆಸರಿನ ಜಾಗ ಖಾಲಿ. ಊರಲ್ಲಿ ಇದರಿಂದ ಯಾರಿಗೂ ತೊಂದರೆಯಿಲ್ಲ. ಇಲ್ಲಿ ಕೊನೆ ಹೆಸರಿನ ಜಾಗ ಖಾಲಿ ಬಿಟ್ಟರೆ ಕಂಪ್ಯೂಟರ್ ಮುಂದಕ್ಕೇ ಹೋಗುವುದಿಲ್ಲ. ಬ್ಯಾಂಕಿನವರು ಒಂದು ಥರ ತುಂಬುತ್ತಾರೆ, ವಿಮೆಯವರು ಇನ್ನೊಂದು ಥರ, ಆಮೇಲೆ ಎರಡೂ ತಾಳೆಯಾಗುವುದಿಲ್ಲ. ಹಾಗಾಗಿ ಪಾಸ್‌ಪೋರ್ಟ್‌ನಲ್ಲಿ ಇನ್‌ಶಿಯಲ್ಲನ್ನು ಪೂರ್ತಿ ಹೆಸರಾಗಿ ಬರೆಸಿ, ಹೆಸರು ಮತ್ತು ಕೊನೆ ಹೆಸರು ಎರಡೂ ಜಾಗ ತುಂಬುವ ಹಾಗೆ ಮೊದಲೇ ಮಾಡಿಸಿಕೊಳ್ಳಿ. ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್‌ನ ನೋಂದಣಿ, ರಾಜೀವ್ ಗಾಂಧಿ ವಿಶ್ವವಿದ್ಯಾಲಯದ ಪದವಿ ಪತ್ರ ಎಲ್ಲವೂ ಅದಕ್ಕೇ ಹೊಂದಬೇಕು. ಹೊಂದದಿದ್ದರೆ "ಈ ಎರಡೂ ಹೆಸರು ಒಬ್ಬಳದೇ" ಎಂದು ಅಫಿಡವಿಟ್ ಮಾಡಿಸಿ, ಅದಕ್ಕೂ ಅನುವಾದ ಮಾಡಿಸಬೇಕಾಗುತ್ತದೆ.

ಕಾಲೇಜಿನಿಂದ ಬರೀ ಅಂಕಪಟ್ಟಿ ತಂದರೆ ಸಾಲದು. ಯಾವ ವಿಷಯಕ್ಕೆ ಎಷ್ಟು ಗಂಟೆ ಪಾಠ, ಎಷ್ಟು ಗಂಟೆ ವಾರ್ಡಿನ ಕೆಲಸ ಎಂಬ ವಿವರ ಇರುವ ಟ್ರಾನ್ಸ್‌ಕ್ರಿಪ್ಟ್ ಕೇಳಿ ಪಡೆಯಿರಿ. ನಿಮ್ಮ ಪದವಿಯನ್ನು ಒಪ್ಪಬೇಕಾದ ಇಲ್ಲಿನ ಕಚೇರಿ ಅದನ್ನು ಜರ್ಮನ್ ಕೋರ್ಸಿನ ಪಕ್ಕ ಇಟ್ಟು ತೂಗುತ್ತದೆ. ಕೊರತೆ ಕಂಡರೆ ಎರಡು ದಾರಿ: ಒಂದು ಪರೀಕ್ಷೆ, ಅಥವಾ ಕೆಲವು ತಿಂಗಳ ತರಬೇತಿ. ಪರೀಕ್ಷೆಯಲ್ಲಿ ಮಾತಿನ ಭಾಗ, ವಾರ್ಡಿನ ಭಾಗ ಎರಡೂ ಇರುತ್ತವೆ. ಫೇಲಾದರೆ ಒಮ್ಮೆ ಮಾತ್ರ ಮತ್ತೆ ಬರೆಯಬಹುದು. ಇವೆಲ್ಲ ಮುಗಿಯುವ ತನಕ ಸಹಾಯಕಿಯ ಸಂಬಳ. ಊರಲ್ಲಿ ಸಾಲ ಮಾಡಿ ಬಂದವರು ಈ ತಿಂಗಳುಗಳನ್ನು ಲೆಕ್ಕಕ್ಕೆ ಸೇರಿಸಿಕೊಂಡಿರಬೇಕು.

ಪೆಟ್ಟಿಗೆಯಲ್ಲಿ ಏನಿರಬೇಕು

ತುಪ್ಪ ಬೇಡ. ಅಮ್ಮ ಎಷ್ಟು ಹೇಳಿದರೂ ಬೇಡ. ಹಾಲಿನ ಪದಾರ್ಥ, ಮಾಂಸ ಎರಡನ್ನೂ ಹೊರಗಿನಿಂದ ಯುರೋಪಿಗೆ ತರುವ ಹಾಗಿಲ್ಲ. ಕಸ್ಟಮ್ಸ್‌ನವರು ತೆಗೆದು ಕಸಕ್ಕೆ ಹಾಕುತ್ತಾರೆ. ಹಸಿ ಕರಿಬೇವು, ವೀಳ್ಯದೆಲೆಗೂ ಸಸ್ಯ ಆರೋಗ್ಯ ಪ್ರಮಾಣಪತ್ರ ಕೇಳುತ್ತಾರೆ. ಕರಿಬೇವನ್ನು ನೆರಳಲ್ಲಿ ಒಣಗಿಸಿ ತನ್ನಿ. ಕೊಬ್ಬರಿಯನ್ನು ವಿಮಾನದವರೇ ಬಿಡುವುದಿಲ್ಲ, ಎಣ್ಣೆಯ ಅಂಶ ಹೆಚ್ಚು, ಬೆಂಕಿಯ ಭಯ. ಅಪ್ಪೆಮಿಡಿ ಉಪ್ಪಿನಕಾಯಿ ಧಾರಾಳವಾಗಿ ಬರಲಿ, ಆದರೆ ಕೈಚೀಲದಲ್ಲಿ ಅಲ್ಲ, ಚೆಕ್‌ಇನ್ ಪೆಟ್ಟಿಗೆಯಲ್ಲಿ, ಮುಚ್ಚಳಕ್ಕೆ ಟೇಪು ಸುತ್ತಿ. ಮುರುಗಲು ಸಿಪ್ಪೆ ಹಗುರ, ಕೆಡುವುದಿಲ್ಲ, ಇಲ್ಲಿ ಸಿಗುವುದೂ ಅಪರೂಪ. ಕುಕ್ಕರ್ ತರುವುದಾದರೆ ಇಂಡಕ್ಷನ್‌ಗೆ ಆಗುವ ಸ್ಟೀಲಿನದ್ದು ತನ್ನಿ, ಜೊತೆಗೆ ಎರಡು ಗ್ಯಾಸ್ಕೆಟ್. ಅಕ್ಕಿಹಿಟ್ಟು ಹೊತ್ತು ತರಬೇಡಿ. ಏಷ್ಯನ್ ಅಂಗಡಿಯಲ್ಲಿ ಥಾಯ್ ಅಕ್ಕಿಹಿಟ್ಟು ಸಿಗುತ್ತದೆ. ಕೆಂಪು ಅಕ್ಷರದ ಪೊಟ್ಟಣ ಸಾಮಾನ್ಯ ಅಕ್ಕಿಯದ್ದು, ರೊಟ್ಟಿಗೂ ಕಡುಬಿಗೂ ಆಗುತ್ತದೆ. ಹಸಿರು ಅಕ್ಷರದ್ದು ಅಂಟಕ್ಕಿ. ಅದರಲ್ಲಿ ರೊಟ್ಟಿ ತಟ್ಟಿದರೆ ಕೈ ಬಿಡಿಸಿಕೊಳ್ಳಲು ಇನ್ನೊಬ್ಬರು ಬೇಕು.

ಮೊದಲ ವಾರಗಳು

ಮನೆಗೆ ಸೇರಿದ ಎರಡು ವಾರದೊಳಗೆ ನಗರ ಕಚೇರಿಯಲ್ಲಿ ವಿಳಾಸ ನೋಂದಣಿ, ಅಂದರೆ ಆನ್‌ಮೆಲ್ಡುಂಗ್, ಆಗಬೇಕು. ಅದಕ್ಕೆ ಮನೆ ಮಾಲೀಕರ ಸಹಿ ಇರುವ ಒಂದು ಪತ್ರ ಬೇಕು. ಆಸ್ಪತ್ರೆಯ ಹಾಸ್ಟೆಲ್‌ನಲ್ಲಿದ್ದರೆ ಅವರೇ ಕೊಡುತ್ತಾರೆ. ನೋಂದಣಿಯಾದ ಮೇಲೆಯೇ ತೆರಿಗೆ ಸಂಖ್ಯೆ ಅಂಚೆಯಲ್ಲಿ ಬರುವುದು. ಬಾಗಿಲ ಅಂಚೆಪೆಟ್ಟಿಗೆಯ ಮೇಲೆ ನಿಮ್ಮ ಹೆಸರು ಅಂಟಿಸಿ, ಇಲ್ಲದಿದ್ದರೆ ಪೋಸ್ಟ್‌ಮ್ಯಾನ್ ಹಾಗೇ ವಾಪಸ್ ಹೋಗುತ್ತಾನೆ. ಹೆಸರು ಹೇಳಿದರೆ ಸಾಕು ಮನೆ ಗೊತ್ತಾಗುವ ಊರಿಂದ ಬಂದವರಿಗೆ ಇದು ಹೊಳೆಯುವುದೇ ಇಲ್ಲ. ಮನೆಯಲ್ಲಿ ಟಿವಿ ಇರಲಿ ಬಿಡಲಿ, ಪ್ರಸಾರ ಶುಲ್ಕವೆಂದು ತಿಂಗಳಿಗೆ 18.36 ಯೂರೋ ಕಟ್ಟುವ ಪತ್ರ ಬರುತ್ತದೆ. ಅದು ಮೋಸವಲ್ಲ, ಕಟ್ಟಬೇಕು. ಒಂದು ಮನೆಗೆ ಒಂದೇ ಶುಲ್ಕ. ವೀಸಾ ಮುಗಿಯುವ ತುಂಬಾ ಮೊದಲೇ ವಿದೇಶಿಯರ ಕಚೇರಿಗೆ ಅರ್ಜಿ ಹಾಕಿ, ಅಪಾಯಿಂಟ್‌ಮೆಂಟ್ ಬೇಗ ಸಿಗುವುದಿಲ್ಲ.

ಬಾಡಿಗೆ ಮನೆಯಲ್ಲಿ ದೊಡ್ಡ ವಿಷಯ ಬೂಸಲು. ಆಷಾಢದಲ್ಲಿ ಚಪ್ಪಲಿಗೂ ಚಾಪೆಗೂ ಬೂಸಲು ಹಿಡಿಯುವುದನ್ನು ನೋಡಿ ಬೆಳೆದ ನಾವು ಅದಕ್ಕೆ ಹೆದರುವುದಿಲ್ಲ, ಒರೆಸಿ ಬಿಸಿಲಿಗೆ ಇಡುತ್ತೇವೆ. ಇಲ್ಲಿ ಗೋಡೆಗೆ ಬೂಸಲು ಬಂದರೆ ಮಾಲೀಕರು ರಿಪೇರಿ ಖರ್ಚನ್ನು ನಿಮ್ಮ ಠೇವಣಿಯಿಂದ ಮುರಿಯಲು ನೋಡುತ್ತಾರೆ. ಚಳಿಗಾಲದಲ್ಲಿ ಕಿಟಕಿ ಬಿಗಿಯಾಗಿ ಮುಚ್ಚಿಕೊಂಡು ಅನ್ನಕ್ಕಿಟ್ಟು, ಒಗೆದ ಯೂನಿಫಾರ್ಮನ್ನು ಕೋಣೆಯೊಳಗೇ ಹರವಿದರೆ ಆ ಆವಿಯೆಲ್ಲ ತಣ್ಣನೆಯ ಹೊರಗೋಡೆಗೆ ಹೋಗಿ ಕೂರುತ್ತದೆ. ಬೀರುವಿನ ಹಿಂದೆ, ಕಿಟಕಿಯ ಮೂಲೆಯಲ್ಲಿ ಮೊದಲು ಕಪ್ಪು ಚುಕ್ಕೆ ಕಾಣುತ್ತದೆ. ಮಾಡಬೇಕಾದದ್ದಿಷ್ಟು: ಹೀಟರ್ ಆರಿಸಿ, ಕಿಟಕಿಯನ್ನು ಓರೆಯಾಗಿ ಅಲ್ಲ, ಪೂರ್ತಿ ತೆರೆದು ಐದರಿಂದ ಹತ್ತು ನಿಮಿಷ ಬಿಡಿ. ಬೆಳಿಗ್ಗೆ, ಸಂಜೆ, ಅಡುಗೆಯಾದ ಮೇಲೆ. ಹೊರಗೆ ಸೊನ್ನೆ ಡಿಗ್ರಿಯಿದ್ದರೂ ಬಿಡಿ. ಬೀರುವನ್ನು ಗೋಡೆಗೆ ತಾಗಿಸಬೇಡಿ. ಮೆಣಸಿನ ಒಗ್ಗರಣೆ ಹಾಕುವ ದಿನವಂತೂ ಕಿಟಕಿ ಮೊದಲು ತೆರೆದು ಆಮೇಲೆ ಒಲೆ ಹಚ್ಚಿ. ಹೊಗೆ ಅಲಾರಂ ಕೂಗಿದರೆ ಇಡೀ ಕಟ್ಟಡ ಎದ್ದು ನಿಲ್ಲುತ್ತದೆ.

ಭಾನುವಾರ ಅಂಗಡಿ ಮುಚ್ಚಿರುತ್ತದೆ. ಹಾಲು, ತರಕಾರಿ ಶನಿವಾರವೇ ತಂದಿಡಿ.

ವಾರ್ಡಿನಲ್ಲಿ

ಇಲ್ಲಿ ಬಂದ ನಮ್ಮವರು ಅಳುವುದು ಚಳಿಗಲ್ಲ, ವಾರ್ಡಿನ ಕೆಲಸಕ್ಕೆ. ಊರಿನ ಆಸ್ಪತ್ರೆಯಲ್ಲಿ ರೋಗಿಗೆ ಸ್ನಾನ ಮಾಡಿಸುವುದು, ಊಟ ಮಾಡಿಸುವುದು, ಬಟ್ಟೆ ಬದಲಿಸುವುದು ಮನೆಯವರ ಇಲ್ಲವೇ ಆಯಾಗಳ ಕೆಲಸ. ನರ್ಸ್ ಎಂದರೆ ಇಂಜೆಕ್ಷನ್, ಡ್ರಿಪ್, ಔಷಧ. ಇಲ್ಲಿ ಮನೆಯವರು ಭೇಟಿಗೆ ಬಂದು ಹೋಗುತ್ತಾರಷ್ಟೆ, ಮಂಚದ ಪಕ್ಕ ಚಾಪೆ ಹಾಸಿ ಮಲಗುವುದಿಲ್ಲ. ಮೈ ಒರೆಸುವುದು, ಡೈಪರ್ ಬದಲಿಸುವುದು, ಬ್ರೆಡ್ಡಿಗೆ ಬೆಣ್ಣೆ ಸವರಿ ಕೊಡುವುದು ಎಲ್ಲ ನರ್ಸಿನದ್ದೇ. ಇಂಜೆಕ್ಷನ್ ಸೂಜಿ ಚುಚ್ಚುವ ಕೆಲವು ಕೆಲಸ ಎಷ್ಟೋ ಕಡೆ ಡಾಕ್ಟರರ ಪಾಲು. "ಇದಕ್ಕಾಗಿ ನಾಲ್ಕು ವರ್ಷ ಓದಿದೆನಾ" ಎಂದು ಅನ್ನಿಸುತ್ತದೆ. ಇದನ್ನು ಊರಲ್ಲೇ ತಿಳಿದು ಬಂದರೆ ಅರ್ಧ ದುಃಖ ಕಡಿಮೆ.

ಈ ಕೆಲಸಕ್ಕೂ ಒಂದು ಕ್ರಮವಿದೆ, ಪರೀಕ್ಷೆಯಲ್ಲಿ ಅದನ್ನೇ ನೋಡುತ್ತಾರೆ. ಎಂಬತ್ತು ದಾಟಿದ ಅಜ್ಜಿಯೊಬ್ಬರಿಗೆ ಬೆಳಗಿನ ಮೈ ಒರೆಸುವಾಗ ನಾನು ಮೊದಲು ಬಟ್ಟೆಯನ್ನು ಅವರ ಕೈಗೇ ಕೊಡುತ್ತೇನೆ. ನೀರು ಬಿಸಿ ಸಾಕೇ ಎಂದು ಕೇಳುತ್ತೇನೆ. ಮುಖ ಅವರೇ ಒರೆಸಿಕೊಳ್ಳುತ್ತಾರೆ, ನಿಧಾನವಾಗಿ, ಕಿವಿಯ ಹಿಂದೆಯೂ. ಬೆನ್ನು, ಕಾಲು ನನ್ನದು. ಮುಖಕ್ಕೊಂದು ಬಟ್ಟೆ, ಕೆಳಭಾಗಕ್ಕೆ ಬೇರೆಯದು, ಟವೆಲ್ಲೂ ಬೇರೆ ಬೇರೆ. ಕೊನೆಗೆ ಸ್ವೆಟರಿನ ಗುಂಡಿ ಹಾಕಿಕೊಳ್ಳಲು ಅವರ ಬೆರಳು ತಡಕಾಡುತ್ತವೆ. ನಾನು ಕೈ ಕಟ್ಟಿ ನಿಲ್ಲುತ್ತೇನೆ. ನಾವು ಸಹಾಯ ಎಂದುಕೊಂಡು ಚಕಚಕನೆ ಗುಂಡಿ ಹಾಕಿಬಿಟ್ಟರೆ ಇಲ್ಲಿ ಅದು ತಪ್ಪು. ರೋಗಿಯ ಕೈಲಾಗುವುದನ್ನು ರೋಗಿಯೇ ಮಾಡಬೇಕು. ಇದರ ಮುಂದೆ ನಮ್ಮ ಸೇವೆಯ ಕಲ್ಪನೆ ಸ್ವಲ್ಪ ಆತುರದ್ದು ಎಂದೇ ನನಗೆ ಈಗ ಅನ್ನಿಸುವುದು. ಆಮೇಲೆ ಮಾಡಿದ್ದೆಲ್ಲವನ್ನೂ ಕಂಪ್ಯೂಟರ್‌ನಲ್ಲಿ ಬರೆಯಬೇಕು, ಬರೆಯದಿದ್ದರೆ ಮಾಡಿಲ್ಲವೆಂದೇ ಲೆಕ್ಕ.

ಕ್ಲಾಸಿನಲ್ಲಿ ಕಲಿತ ಜರ್ಮನ್ ಇಲ್ಲಿನ ಮುದುಕರ ಬಾಯಲ್ಲಿ ಬರುವುದಿಲ್ಲ, ಈ ಭಾಗದವರು ಫ್ರಾಂಕೋನಿಯದ ಆಡುಮಾತು ಆಡುತ್ತಾರೆ. ಅರ್ಥವಾಗದಿದ್ದರೆ ತಲೆ ಅಲ್ಲಾಡಿಸಬೇಡಿ. "ಇನ್ನೊಮ್ಮೆ ನಿಧಾನವಾಗಿ ಹೇಳಿ" ಎಂದು ಕೇಳಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಅರ್ಥವಾಯಿತೆಂದು ಹೇಳಿ ತಪ್ಪು ಮಾತ್ರೆ ಕೊಟ್ಟರೆ ಕೆಲಸ ಹೋಗುತ್ತದೆ. ಜ್ವರ ಬಂದರೆ ಶಿಫ್ಟಿಗೆ ಮೊದಲೇ ಫೋನ್ ಮಾಡಿ ಮನೆಯಲ್ಲಿರಿ. ಕೆಲಸಕ್ಕೆ ಸೇರಿ ನಾಲ್ಕು ವಾರ ಕಳೆದ ಮೇಲೆ, ಆರು ವಾರದ ತನಕ ಕಾಯಿಲೆ ರಜೆಗೆ ಪೂರ್ತಿ ಸಂಬಳವಿದೆ. ಮೂಗು ಸೋರಿಸಿಕೊಂಡು ವಾರ್ಡಿಗೆ ಬಂದವಳನ್ನು ಯಾರೂ ಹೊಗಳುವುದಿಲ್ಲ.

ಸಂಬಳದಲ್ಲಿ ತೆರಿಗೆ, ಆರೋಗ್ಯ ವಿಮೆ, ಪಿಂಚಣಿ ಎಲ್ಲ ಕಡಿತವಾಗಿ ಕೈಗೆ ಬರುವುದು ಬೇರೆಯೇ ಅಂಕಿ. ಒಪ್ಪಂದದಲ್ಲಿನ ಸಂಖ್ಯೆಯನ್ನು ತೊಂಬತ್ತು, ನೂರರಿಂದ ಗುಣಿಸಿ ಊರಲ್ಲಿ ಹೇಳಿಕೊಂಡು ತಿರುಗಬೇಡಿ. ಪಿಂಚಣಿಗೆ ಕಟ್ಟಿದ್ದು ಮುಳುಗಿಹೋಗುವುದಿಲ್ಲ, ಭಾರತ ಮತ್ತು ಜರ್ಮನಿಯ ನಡುವಿನ ಸಾಮಾಜಿಕ ಭದ್ರತಾ ಒಪ್ಪಂದ 2017ರಿಂದ ಜಾರಿಯಲ್ಲಿದೆ.

ಹಿಂದೆ ಬಿಟ್ಟುಬರುವುದು

ಹೊರಡುವ ಗಡಿಬಿಡಿಯಲ್ಲಿ ಯಾರೂ ಹೇಳದ ಒಂದು ವಿಷಯವಿದೆ, ಅದೂ ಹೆಣ್ಣುಮಕ್ಕಳಿಗೆ. "ಹೇಗೂ ದೂರ ಹೋಗುತ್ತಿದ್ದೀಯ, ತೋಟದ ಕಾಗದಕ್ಕೆ ಒಂದು ಸಹಿ ಹಾಕಿ ಹೋಗು" ಎಂದು ಮನೆಯಲ್ಲಿ ಕೇಳುತ್ತಾರೆ. ಅದು ಹಕ್ಕು ಬಿಡುಗಡೆ ಪತ್ರವಾಗಿರಬಹುದು. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ಮೇಲೆ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು. ಬಿಟ್ಟುಕೊಡುವುದು ನಿಮ್ಮ ಇಷ್ಟ, ಆದರೆ ಟ್ಯಾಕ್ಸಿ ಬಾಗಿಲಲ್ಲಿ ನಿಂತಿರುವಾಗ ಸಹಿ ಹಾಕಬೇಡಿ. ಇನ್ನೊಂದು ಕಾರಣ: ಅನಿವಾಸಿಯಾದ ಮೇಲೆ ನೀವು ಊರಲ್ಲಿ ಕೃಷಿ ಜಮೀನಾಗಲಿ ಅಡಿಕೆ, ಕಾಫಿ ತೋಟವಾಗಲಿ ದುಡ್ಡು ಕೊಟ್ಟು ಕೊಳ್ಳುವ ಹಾಗಿಲ್ಲ. ಪಿತ್ರಾರ್ಜಿತವಾಗಿ ಬಂದದ್ದನ್ನು ಇಟ್ಟುಕೊಳ್ಳಬಹುದು. ನಾನು ಅಣ್ಣನಿಗೆ ನೇರವಾಗಿ ಹೇಳಿದೆ, ತೋಟ ನೀನೇ ನೋಡಿಕೋ, ಫಸಲೂ ನೀನೇ ತಗೋ, ಪಹಣಿಯಲ್ಲಿ ಹೆಸರಿನ ಮಾತು ಮುಂದೆ ನೋಡೋಣ ಅಂತ. ಒಂದಷ್ಟು ದಿನ ಮುಖ ಊದಿಸಿಕೊಂಡ. ಆಮೇಲೆ ಕೊಳೆರೋಗಕ್ಕೆ ಬೋರ್ಡೋ ಹೊಡೆಸುವ ಹೊತ್ತಿಗೆ ದುಡ್ಡು ಬೇಕಾದಾಗ ಅವನೇ ಫೋನ್ ಮಾಡಿದ.

ಇಲ್ಲಿಂದ ಮುಖ್ತಿಯಾರು ಪತ್ರ (ಪವರ್ ಆಫ್ ಅಟಾರ್ನಿ) ಕೊಡುವುದಾದರೆ, ನ್ಯೂರೆಂಬರ್ಗ್ ಇರುವ ಬವೇರಿಯಾ ರಾಜ್ಯದವರು ಮ್ಯೂನಿಕ್‌ನ ಭಾರತೀಯ ಕಾನ್ಸುಲೇಟ್‌ನಲ್ಲಿ ಸಹಿ ದೃಢೀಕರಿಸಿ ಕಳಿಸಬೇಕು. ಅದು ಊರು ಮುಟ್ಟಿದ ಮೂರು ತಿಂಗಳೊಳಗೆ ಅಲ್ಲಿ ಸ್ಟಾಂಪ್ ಡ್ಯೂಟಿ ಕಟ್ಟಿಸಬೇಕು. ಯಾವ ಕೆಲಸಕ್ಕೆ ಎಂದು ಸ್ಪಷ್ಟವಾಗಿ ಬರೆಸಿ. ಎಲ್ಲದಕ್ಕೂ ಆಗುವ ಪತ್ರ ಯಾರಿಗೂ ಬೇಡ, ಅಣ್ಣನೇ ಆಗಿದ್ದರೂ. ಬ್ಯಾಂಕಿನ ಉಳಿತಾಯ ಖಾತೆಯನ್ನು ಎನ್‌ಆರ್‌ಒ, ಅಂದರೆ ಅನಿವಾಸಿಗಳ ಖಾತೆಗೆ ಬದಲಿಸಿಕೊಳ್ಳಿ. ಊರಿನ ಸಿಮ್ ಸಾಯಲು ಬಿಡಬೇಡಿ, ಬ್ಯಾಂಕು, ಆಧಾರ್ ಎಲ್ಲದರ ಒಟಿಪಿ ಬರುವುದು ಅದಕ್ಕೇ.

ಅಪ್ಪಯ್ಯ, ಅಮ್ಮ ಇಬ್ಬರೇ ಇರುವ ಮನೆಯಾದರೆ ಹೊರಡುವ ಮೊದಲೇ ಫೈಬರ್ ಇಂಟರ್ನೆಟ್ ಹಾಕಿಸಿ, ಅದಕ್ಕೊಂದು ಇನ್ವರ್ಟರ್ ಕೊಡಿಸಿ. ವಾಟ್ಸಾಪ್ ಕರೆ ಎತ್ತುವುದನ್ನು ಪಕ್ಕ ಕೂತು ಕಲಿಸಿ. ಬೇಸಿಗೆಯಲ್ಲಿ ನಮಗೂ ಅವರಿಗೂ ಮೂರೂವರೆ ಗಂಟೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ಅಂತರ. ನೈಟ್ ಡ್ಯೂಟಿ ಮುಗಿಸಿ ಆರೂವರೆಗೆ ಟ್ರಾಮಿನಲ್ಲಿ ಕೂತರೆ ಅಲ್ಲಿ ಹತ್ತೋ ಹನ್ನೊಂದೋ. ಅಮ್ಮ ತಿಂಡಿ ಮುಗಿಸಿ ಬಿಡುವಾಗಿರುತ್ತಾಳೆ. ಡಿಸೆಂಬರ್‌ನಲ್ಲಿ ಇಲ್ಲಿ ಎಂಟಕ್ಕೆ ಬೆಳಗಾಗಿ ನಾಲ್ಕೂಕಾಲಕ್ಕೆ ಕತ್ತಲೆ. ಆಗ ಸಂಜೆ ಕೋಣೆಯಲ್ಲಿ ಒಬ್ಬರೇ ಕೂತು ಊರಿನ ಫೋಟೋ ನೋಡುವ ಅಭ್ಯಾಸ ಮಾತ್ರ ಬೇಡ. ನಡುಹಗಲು ಹೊರಗೆ ನಡೆಯಿರಿ, ನೀರಿಗಿಳಿಯಲು ಬಂದರೆ ಈಜುಕೊಳಕ್ಕೆ ಸೇರಿ. ತುಂಗೆಯಲ್ಲಿ ಈಜು ಕಲಿತವರಿಗೆ ಅಲ್ಲಿ ಒಳ್ಳೆಯ ಹೆಸರು ಬರುತ್ತದೆ.

ರಜೆಯ ಪಟ್ಟಿಯನ್ನು ಹಿಂದಿನ ವರ್ಷದ ಕೊನೆಯಲ್ಲೇ ಕೊಡಬೇಕು. ಸಾರ್ವಜನಿಕ ಆಸ್ಪತ್ರೆಗಳ ವೇತನ ಒಪ್ಪಂದದಲ್ಲಿ ವಾರಕ್ಕೆ ಐದು ದಿನ ಕೆಲಸ ಮಾಡುವವರಿಗೆ ವರ್ಷಕ್ಕೆ 30 ದಿನ ರಜೆ. ಬೇಸಿಗೆಯ ರಜೆಗೆ ಶಾಲೆಗೆ ಹೋಗುವ ಮಕ್ಕಳಿರುವವರು ಮುಂದಿರುತ್ತಾರೆ. ನೀವು ಕ್ರಿಸ್‌ಮಸ್ ಡ್ಯೂಟಿ ಮಾಡುತ್ತೇನೆಂದು ಮೊದಲೇ ಹೇಳಿ, ಬದಲಿಗೆ ಜನವರಿ ಇಲ್ಲವೇ ಫೆಬ್ರವರಿ ಕೇಳಿ, ಸುಲಭವಾಗಿ ಸಿಗುತ್ತದೆ. ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆ ಕೆಲವು ವರ್ಷ ಜನವರಿಗೆ ಬೀಳುತ್ತದೆ, ಕ್ಯಾಲೆಂಡರ್ ನೋಡಿಕೊಳ್ಳಿ. ಮನೆಯಲ್ಲಿ ಮದುವೆ, ಗೃಹಪ್ರವೇಶ ಇದ್ದರೆ ಹಿಂದಿನ ವರ್ಷದ ನವೆಂಬರ್‌ಗೆ ಮೊದಲೇ ಮುಹೂರ್ತದ ದಿನ ಗೊತ್ತು ಮಾಡಿಸಿ, ಪುರೋಹಿತರಿಗೆ ನೀವೇ ಫೋನ್ ಮಾಡಿಯಾದರೂ ಸರಿ.