ಪಾಂಪೆಯ ನಾರ್ಸಿಸಸ್‌ಗೆ ಮರು ಎರಕ: ನಾನು ಹೊಯ್ದ ಕ್ರಮ

ಇಟಲಿಯ ಪ್ರಾಚೀನ ನಗರ ಪಾಂಪೆಯಲ್ಲಿ 1862ರಲ್ಲಿ ಸಿಕ್ಕ, ‘ನಾರ್ಸಿಸಸ್’ ಎಂದು ಹೆಸರಾದ ಯುವಕನ ಕಂಚಿನ ಪ್ರತಿಮೆ ಸುಮಾರು 63 ಸೆಂ.ಮೀ. ಎತ್ತರದ್ದು, ಈಗ ನೇಪಲ್ಸ್‌ನ ಪುರಾತತ್ವ ಮ್ಯೂಸಿಯಂನಲ್ಲಿದೆ. ಕ್ಯೂರಾಜ್ಜಿ ಮುಂತಾದ ನೇಪಲ್ಸ್ ಫೌಂಡ್ರಿಗಳು ಇದರ ಪ್ರತಿಗಳನ್ನು ಹೇರಳವಾಗಿ ಹೊಯ್ದಿವೆ. ನಾನು ಹೊಯ್ದದ್ದು ಪ್ಲಾಸ್ಟರ್ ಪ್ರತಿಯಿಂದ ಸಿಲಿಕೋನ್ ಅಚ್ಚು ತೆಗೆದು, ಮೇಣದೆರಕದಲ್ಲಿ: ಅಂದರೆ ಆ ಅಚ್ಚಿನಲ್ಲಿ ಟೊಳ್ಳು ಮೇಣದ ಪ್ರತಿ ಮಾಡಿ, ಅದರ ಸುತ್ತ ಹೊರ ಅಚ್ಚು ಕಟ್ಟಿ, ಮೇಣ ಕರಗಿಸಿ ತೆಗೆದ ಜಾಗಕ್ಕೆ ಕಂಚು ಹೊಯ್ಯುವುದು. ಮೇಣವೂ ಕಂಚೂ ಕುಗ್ಗುವುದರಿಂದ ಪ್ರತಿಯು ಮೂಲಕ್ಕಿಂತ ಒಂದು ಸೆಂ.ಮೀ.ಗೂ ಹೆಚ್ಚೇ ಗಿಡ್ಡವಾಗುತ್ತದೆ. ಪ್ರತಿಯಿಂದ ಮತ್ತೊಂದು ಪ್ರತಿ ಹೊಯ್ದಿದ್ದರೆ ಕ್ಯಾಲಿಪರ್ ಹಿಡಿದೇ ಪತ್ತೆ ಹಚ್ಚಬಹುದು.

ಸಿಲಿಕೋನ್ ಅಚ್ಚಿನೊಳಗೆ ಹಚ್ಚುವ ಮೇಣದ ಗೋಡೆ 4ರಿಂದ 5 ಮಿ.ಮೀ. ದಪ್ಪ ಇರಲಿ. ಮೊದಲ ಪದರವನ್ನು ಬ್ರಷ್‌ನಲ್ಲೇ ಹಚ್ಚಿ, ಇಲ್ಲವಾದರೆ ಗುಂಗುರು ಕೂದಲಲ್ಲಿ ಗಾಳಿಗುಳ್ಳೆ ಕೂರುತ್ತದೆ. ಮೇಣದ ತೂಕದ ಹತ್ತರಷ್ಟು ಲೋಹ ಬೇಕು. ಮೇಣ ತೂಗಿ ಲೋಹ ಲೆಕ್ಕ ಹಾಕುವ ಈ ಪದ್ಧತಿ ಕಲ್ಯಾಣದ ಚಾಲುಕ್ಯ ಸೋಮೇಶ್ವರನ ಮಾನಸೋಲ್ಲಾಸದಲ್ಲೂ ಇದೆ.

ಕೆಲಸ ಕೆಡುವುದು ಹೆಚ್ಚಾಗಿ ಒಳತಿರುಳಿನಲ್ಲಿ, ಅಂದರೆ ಮೇಣದ ಟೊಳ್ಳಿಗೆ ತುಂಬುವ ಗಾರೆಯಲ್ಲಿ. ಒಂದು ಪಾಲು ಪ್ಲಾಸ್ಟರ್‌ಗೆ ಎರಡು ಪಾಲು ಜರಡಿ ಹಿಡಿದ ಇಟ್ಟಿಗೆ ಪುಡಿ ಕಲಸಿ ತುಂಬುತ್ತೇನೆ. ಮೇಣ ಕರಗಿ ಹೋದ ಮೇಲೆ ತಿರುಳನ್ನು ಹಿಡಿದಿಡಲು ಸ್ಟೇನ್‌ಲೆಸ್ ಮೊಳೆಗಳನ್ನು ಮೇಣದ ಮೂಲಕ ಚುಚ್ಚಿ, ಹೊರ ಅಚ್ಚು ಹಿಡಿದುಕೊಳ್ಳಲೆಂದು ಅರ್ಧ ಹೊರಗೇ ಬಿಡಬೇಕು. ಸೊಂಟ, ಮೊಣಕಾಲು, ಭುಜಗಳಲ್ಲಿ ಇವು ಇಲ್ಲದಿದ್ದರೆ ತಿರುಳು ಸರಿದು ಒಂದು ಬದಿ ತೂತಾಗುತ್ತದೆ, ಇನ್ನೊಂದು ಬದಿ ದಪ್ಪಗಾಗಿ ಕುಗ್ಗಿ ಗುಳಿ ಬೀಳುತ್ತದೆ. ತಿರುಳಿನ ಆವಿ ಹೊರಬರಲು ಪಾದದ ಕೆಳಗಿನಿಂದ ಕೊಳವೆಯೂ ಬೇಕು. ಚಾಚಿದ ಬಲಗೈಯ ತೋರುಬೆರಳಿನ ತುದಿಯಿಂದ ಮೇಲಕ್ಕೊಂದು ಗಾಳಿದಾರಿ ಇಡದಿದ್ದರೆ ಬೆರಳು ಮೊಂಡಾಗುವುದು ಖಂಡಿತ.

ಮೇಣದ ಸುತ್ತ ಕಟ್ಟಿದ ಹೊರ ಅಚ್ಚನ್ನು ನಿಧಾನವಾಗಿ 650 ಡಿಗ್ರಿ ಸೆಲ್ಸಿಯಸ್‌ವರೆಗೆ ಸುಡಿ. ಅದಕ್ಕಿಂತ ತುಂಬ ಮೇಲೆ ಹೋದರೆ ಪ್ಲಾಸ್ಟರ್ ಸಡಿಲವಾಗುತ್ತದೆ. ಅಚ್ಚಿನ ಬಾಯಿಯ ಮೇಲೆ ತಣ್ಣನೆ ಗಾಜು ಹಿಡಿದಾಗ ಮಂಜು ಕಟ್ಟಿದರೆ ತಿರುಳು ಇನ್ನೂ ಹಸಿ. ಆಗ ಹೊಯ್ದರೆ ಆವಿಯ ಒತ್ತಡಕ್ಕೆ ಕಾದ ಲೋಹ ಮುಖಕ್ಕೇ ಚಿಮ್ಮೀತು. ತಾಮ್ರ 90, ತವರ 10ರ ಕಂಚನ್ನು 1,130 ಡಿಗ್ರಿಯ ಹತ್ತಿರ, ಧಾರೆ ಮುರಿಯದಂತೆ ಒಂದೇ ಸಮ ಹೊಯ್ಯಿರಿ.

ಮೊಳೆಯ ತೂತುಗಳನ್ನು ಅದೇ ಕಂಚಿನ ಕಡ್ಡಿಯಿಂದ ಬೆಸೆಯಿರಿ. ಎಡಭುಜದ ಮೇಲಿನ ಮೇಕೆಚರ್ಮದ ಕೂದಲಿಗೆ ಉಳಿ ತಾಗಿಸುವಾಗ ಮಿತವಿರಲಿ; ಅತಿಯಾಗಿ ಚೊಕ್ಕ ಮಾಡಿದ ಪ್ರತಿಗಳಲ್ಲಿ ಮೂಲದ ಮೃದುತ್ವ ಸತ್ತೇ ಹೋಗಿರುತ್ತದೆ.

ನೇಪಲ್ಸ್‌ನವರು ಒಂದೇ ಪ್ರತಿಮೆಯನ್ನು ಪಾಂಪೆಯ ಹಸಿರು ಬಣ್ಣದಲ್ಲೂ ಅದರ ಹತ್ತಿರದ ಪ್ರಾಚೀನ ನಗರ ಹರ್ಕ್ಯುಲೇನಿಯಂನ ಕಪ್ಪಿನಲ್ಲೂ ಮಾರುತ್ತಿದ್ದರು. ಹಸಿರಿಗೆ ಮೊದಲು ಪೊಟ್ಯಾಸಿಯಂ ಸಲ್ಫೈಡ್‌ನ ತೆಳು ದ್ರಾವಣದಿಂದ ಕಂದು ಹಿನ್ನೆಲೆ, ಮೇಲೆ ಲೀಟರಿಗೆ 100 ಗ್ರಾಂ ಕಾಪರ್ ನೈಟ್ರೇಟ್. ಹಚ್ಚಿದ್ದು ಸಣ್ಣಗೆ ಚುಂಯ್‌ಗುಟ್ಟಿ ಒಣಗುವಷ್ಟು ಲೋಹ ಕಾದಿರಲಿ. ತಣ್ಣಗಿದ್ದರೆ ಸೋರಿ ಗೆರೆ ಬೀಳುತ್ತದೆ, ವಿಪರೀತ ಕಾದರೆ ಪುಡಿಯಾಗಿ ಉದುರುತ್ತದೆ. ಹೊಗೆ ವಿಷ, ಆಮ್ಲದ ಹೊಗೆ ತಡೆಯುವ ಮಾಸ್ಕ್ ಕಡ್ಡಾಯ. ಲೋಹ ಬೆಚ್ಚಗಿರುವಾಗಲೇ ಜೇನುಮೇಣ ತೆಳ್ಳಗೆ ಸವರಿ ಬಟ್ಟೆಯಿಂದ ಒರೆಸಿ.