ನಿಮ್ಮ ಬೀದಿಯ ಹಳೇ ಮನೆಯ ಚರಿತ್ರೆ ಹುಡುಕುವುದು ಹೇಗೆ

ಬೆಂಗಳೂರಿನ ಮಲ್ಲೇಶ್ವರ, ಬಸವನಗುಡಿಯ ಹಳೇ ಮನೆಗಳು ಒಂದೊಂದಾಗಿ ನೆಲಕ್ಕುರುಳುತ್ತಿವೆ. ಮನೆ ಉಳಿಸುವುದು ನಮ್ಮ ಕೈಯಲ್ಲಿ ಇಲ್ಲದಿರಬಹುದು. ಆದರೆ ಅದನ್ನು ಕಟ್ಟಿದವರು ಯಾರು, ಯಾರ್‍ಯಾರು ಬಾಳಿದರು ಅಂತ ಬರೆದಿಡಬಹುದು ಅಲ್ವಾ?

ಮೊದಲು ಮನೆಯವರ ಜೊತೆ ಕೂತು ಮಾತಾಡಿ. ಶುರುವಿಗೇ ಪತ್ರ ತೋರಿಸಿ ಅನ್ನಬೇಡಿ, ಬ್ರೋಕರ್ ಬಂದಿದ್ದಾನೆ ಅಂದುಕೊಳ್ಳುತ್ತಾರೆ. ಬಾವಿ ಎಲ್ಲಿತ್ತು, ಔಟ್‌ಹೌಸಿನಲ್ಲಿ ಯಾರು ಬಾಡಿಗೆಗಿದ್ದರು, ಹಿತ್ತಲಿನ ಮಾವಿನ ಮರ ಯಾರು ನೆಟ್ಟಿದ್ದು ಅಂತ ಕೇಳಿ. ಮನೆಯ ಅಜ್ಜಿ ಇದ್ದರೆ ಅವರನ್ನೇ ಮೊದಲು ಮಾತಾಡಿಸಿ. ಕಾಗದ ಎಲ್ಲಿಗೂ ಓಡಿಹೋಗುವುದಿಲ್ಲ, ಹಿರಿಯರ ನೆನಪು ಹಾಗಲ್ಲ. ರೆಕಾರ್ಡ್ ಮಾಡುವ ಮುಂಚೆ ಒಂದು ಮಾತು ಕೇಳಿಬಿಡಿ.

ಪರಿಚಯ ಬೆಳೆದ ಮೇಲೆ ಮೂಲಪತ್ರ ಕೇಳಿ. ಕ್ರಯಪತ್ರ, ವಿಭಾಗ ಪತ್ರ, ದಾನಪತ್ರ ಯಾವುದಿದ್ದರೂ ನೇರವಾಗಿ ಚಕ್ಕುಬಂದಿಗೆ, ಅಂದರೆ ನಾಲ್ಕು ದಿಕ್ಕಿನ ಗಡಿ ಬರೆದಿರುವ ಭಾಗಕ್ಕೆ ಹೋಗಿ. ನನಗೆ ತುಂಬಾ ಇಷ್ಟವಾದ ಭಾಗ ಅದೇ. ಪೂರ್ವಕ್ಕೆ ಇಂಥವರ ಮನೆ, ಪಶ್ಚಿಮಕ್ಕೆ ಖಾಲಿ ನಿವೇಶನ, ಉತ್ತರಕ್ಕೆ ಗಲ್ಲಿ, ದಕ್ಷಿಣಕ್ಕೆ ರಸ್ತೆ ಅಂತ ಬರೆದಿರುತ್ತಾರೆ. ಒಂದೇ ಮನೆಯ ಎರಡು ಕಾಲದ ಪತ್ರಗಳನ್ನು ಪಕ್ಕಪಕ್ಕ ಇಟ್ಟು ನೋಡಿ: ಮೊದಲನೆಯದರಲ್ಲಿ ಖಾಲಿ ಇದ್ದ ಪಶ್ಚಿಮದಲ್ಲಿ ಎರಡನೆಯದರಲ್ಲಿ ಯಾರದೋ ಹೆಸರು ಬಂದಿರುತ್ತದೆ, ಅಂದರೆ ಆ ಎರಡು ತಾರೀಖಿನ ನಡುವೆ ಪಕ್ಕದ ಸೈಟು ಯಾರದೋ ಕೈಗೆ ಬಂತು ಅಂತ ಗೊತ್ತಾಗುತ್ತದೆ. ನಿಮ್ಮ ಮನೆಯ ಪತ್ರ ಕಳೆದುಹೋಗಿದ್ದರೂ ಪಕ್ಕದವರ ಚಕ್ಕುಬಂದಿಯಲ್ಲಿ ಅದರ ಮಾಲೀಕರ ಹೆಸರು ಸಿಕ್ಕುವ ಸಾಧ್ಯತೆ ಇದೆ. ಹೆಸರಿನ ಜೊತೆ ‘ಬಿನ್’ ಇದ್ದರೆ ಮುಂದಿನದು ತಂದೆಯ ಹೆಸರು, ‘ಕೋಂ’ ಇದ್ದರೆ ಗಂಡನ ಹೆಸರು. ‘ಕೋಂ’ ಇರುವ ಕಡೆ ನಿಂತು ಓದಿ. ಎಲ್ಲರೂ ತಾತನ ಮನೆ ಅನ್ನುವುದು ಎಷ್ಟೋ ಸಲ ಅಜ್ಜಿಯ ಹೆಸರಿನಲ್ಲಿರುತ್ತದೆ.

ಪತ್ರ ಸಿಗದಿದ್ದರೆ ಇಸಿ, ಅಂದರೆ ಆಸ್ತಿಯ ನೋಂದಣಿಯಾದ ವ್ಯವಹಾರಗಳ ಪಟ್ಟಿ ಇರುವ ಋಣಭಾರ ಪ್ರಮಾಣಪತ್ರ ತೆಗೆಸಿ. 2004ರಿಂದ ಈಚಿನದನ್ನು ನೋಂದಣಿ ಇಲಾಖೆಯ ವೆಬ್‌ಸೈಟ್ ಆದ ಕಾವೇರಿ ಆನ್‌ಲೈನ್‌ನಲ್ಲೇ ಹುಡುಕಬಹುದು, ಅದಕ್ಕೂ ಹಳೆಯದಕ್ಕೆ ಸಬ್ ರಿಜಿಸ್ಟ್ರಾರ್ ಕಚೇರಿಗೆ ಅರ್ಜಿ ಕೊಡಬೇಕು. 1908ರ ನೋಂದಣಿ ಕಾಯ್ದೆಯ ಪ್ರಕಾರ ಶುಲ್ಕ ಕಟ್ಟಿದರೆ ಆ ಕಚೇರಿಯಲ್ಲಿ ಸ್ಥಿರಾಸ್ತಿಯ ಪತ್ರಗಳನ್ನು ದಾಖಲಿಸಿರುವ ಒಂದನೇ ಪುಸ್ತಕವನ್ನು ಯಾರು ಬೇಕಾದರೂ ನೋಡಬಹುದು. ಮನೆ ನಂಬರು ಕಾಲಕಾಲಕ್ಕೆ ಬದಲಾಗಿರುತ್ತದೆ, ಹಾಗಾಗಿ ಮಾಲೀಕರ ಹೆಸರಿನಲ್ಲೂ ಹುಡುಕಿಸಿ.

ಇನ್ನು ಮನೆಯನ್ನೇ ನೋಡಿ. ಇಳಿಸಿದ ಹೆಂಚು ಸಿಕ್ಕರೆ ತಿರುಗಿಸಿ. ‘ಬಾಸೆಲ್ ಮಿಷನ್ 1865’ ಅಂತ ಅಚ್ಚು ಇದ್ದರೆ ಮನೆ ಆ ವರ್ಷದ್ದು ಅಂದುಕೊಳ್ಳಬೇಡಿ, ಅದು ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯ ಹೆಂಚಿನ ಕಾರ್ಖಾನೆ ಮಂಗಳೂರಿನಲ್ಲಿ ಶುರುವಾದ ವರ್ಷ. ‘ಕಾಮನ್‌ವೆಲ್ತ್’ ಅಂತ ಇದ್ದರೆ ಹೆಂಚು ಮೊದಲ ಮಹಾಯುದ್ಧದ ನಂತರದ್ದು, ಯಾಕೆಂದರೆ ಆಮೇಲೆ ಕಾರ್ಖಾನೆ ಕಾಮನ್‌ವೆಲ್ತ್ ಟ್ರಸ್ಟಿನ ಕೈಗೆ ಹೋಯಿತು. ಹಾಗಂತ ಹೆಂಚೊಂದನ್ನೇ ನಂಬಬೇಡಿ, ಸೂರು ರಿಪೇರಿ ಮಾಡುವಾಗ ಬದಲಾಯಿಸಿರಬಹುದು.

ಬಾಗಿಲವಾಡದ ಮೇಲೋ ಹಳೇ ಕಾಗದದಲ್ಲೋ ಸಂವತ್ಸರ ಮಾತ್ರ ಇದ್ದರೆ 60 ವರ್ಷದ ಲೆಕ್ಕ ನೆನಪಿರಲಿ. ವಿಳಂಬಿ ಅಂದರೆ 1898 ಆಗಬಹುದು, 1958 ಕೂಡ ಆಗಬಹುದು. ಯಾವುದು ಅನ್ನುವುದನ್ನು ಪತ್ರದ ಜೊತೆ ತಾಳೆ ನೋಡಿಯೇ ತೀರ್ಮಾನಿಸಿ. ಮಲ್ಲೇಶ್ವರ, ಬಸವನಗುಡಿಯಲ್ಲಿ ಯಾರಾದರೂ ನಮ್ಮದು ಇನ್ನೂರು ವರ್ಷದ ಮನೆ ಅಂದರೆ ಸುಮ್ನೆ ಬರೆದುಕೊಳ್ಳಬೇಡಿ. ಈ ಬಡಾವಣೆಗಳು ರೂಪುಗೊಂಡಿದ್ದೇ 1890ರ ದಶಕದಲ್ಲಿ, 1898ರ ಪ್ಲೇಗಿನ ನಂತರ ಪೇಟೆಯಿಂದ ಜನ ಜಾಸ್ತಿ ಬಂದರು.

ಸಿಕ್ಕಿದ್ದನ್ನೆಲ್ಲ ವರ್ಷದ ಪ್ರಕಾರ ಬರೆಯಿರಿ. ಪತ್ರದಲ್ಲಿ ಕಂಡಿದ್ದು ಯಾವುದು, ಬಾಯಿಮಾತು ಯಾವುದು ಅಂತ ಬೇರೆ ಬೇರೆ ಗುರುತು ಹಾಕಿ. ನಡುವೆ ಹತ್ತಿಪ್ಪತ್ತು ವರ್ಷ ಮಾಲೀಕರು ಯಾರು ಅಂತ ಸಿಗದಿದ್ದರೆ ಆ ಜಾಗ ಖಾಲಿ ಬಿಡಿ. ಪತ್ರದ ಫೋಟೋ ನೆಟ್ಟಿನಲ್ಲಿ ಹಾಕಬೇಡಿ. ಬರೆದಿದ್ದರ ಒಂದು ಪ್ರತಿಯನ್ನು ಮನೆಯವರಿಗೆ ಕೊಡಿ, ತಪ್ಪಿದ್ದರೆ ಅವರೇ ತಿದ್ದುತ್ತಾರೆ.